ಹಾರ್ಡ್ ಡಿಸ್ಕಿನ ತಾಯಿ ನಂಬರು

ಮೊನ್ನೆ ನನ್ನ ಮಗಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳುತ್ತೇನೆಂದು ಕುಳಿತಳು. ವಿಂಡೋಸೂ ಇರಬೇಕು, ಲಿನಕ್ಸೂ ಇರಬೇಕು, ಒಂದೇ ಮನೆಯಲ್ಲಿ ಎರಡು ಒಲೆ ಹೂಡುವ ಉಮೇದು. ಹತ್ತು ನಿಮಿಷಕ್ಕೆ ಪರದೆಯ ಮೇಲೆ ಹಳದಿ ತ್ರಿಕೋನವೊಂದು ಬಂದು ನಿಂತಿತು. ಈ ಭಾಗದಲ್ಲಿರುವ ಎಲ್ಲ ಮಾಹಿತಿ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಅವಳು ಮೌಸಿನ ಮೇಲೆ ಬೆರಳಿಟ್ಟಳು. ನಾನು "ತಡೀ!" ಎಂದು ಕೂಗಿದ ರಭಸಕ್ಕೆ ಒಳಗೆ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಹೆಂಡತಿ ಎದ್ದು ಬಂದಳು.

"ಏನಾತ್ರಿ?"

"ಏನಿಲ್ಲ. ಕಂಪ್ಯೂಟರ ಏನೋ ಕೇಳಾಕ ಹತ್ತೇತಿ."

"ಅದು ದಿನಾ ಕೇಳತೇತಿ. ನಾ ಕೇಳಿದ್ರ ಯಾವಾಗರ ಹಿಂಗ ಎದ್ದ ನಿಂತೀರೇನು?" ಎಂದು ಅವಳು ಒಳಗೆ ಹೋದಳು.

ಮಗಳು ನಕ್ಕಳು. "ಅಪ್ಪಾ, ಇದು ಬರೇ ವಾರ್ನಿಂಗ್. ಎಲ್ಲಾರೂ ಯೆಸ್ ಅಂತಾರ." ಎಲ್ಲರೂ ಅನ್ನುತ್ತಾರೆ, ನಿಜ. ನಾನೂ ಒಮ್ಮೆ ಅಂದವನೇ. ಅದನ್ನು ಅವಳಿಗೆ ಹೇಳಲು ಹೋದರೆ ಅರ್ಧ ದಿನ ಬೇಕು; ಅವಳಿಗೆ ಅಷ್ಟು ಪುರುಸೊತ್ತಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ನಮ್ಮಪ್ಪ ತಲಾಟಿ. ಊರಿನ ಯಾವ ಹೊಲ ಯಾರದು, ಎಷ್ಟು, ಯಾರಿಂದ ಯಾರಿಗೆ ಬಂತು ಎಂದು ಬರೆದಿಡುವ ಕೆಲಸ. ನಮ್ಮ ಮನೆಯ ಕಪಾಟಿನಲ್ಲಿ ಬಟ್ಟೆಗಿಂತ ಹೆಚ್ಚು ದಫ್ತರಗಳಿದ್ದವು. ಕೆಂಪು ಅರಿವೆಯಲ್ಲಿ ಕಟ್ಟಿದ ಆ ಗಂಟುಗಳ ನಡುವೆ ನಾನು ಬೆಳೆದೆ. ನೇಸರಗಿ ಕಡೆಯ ರೈತರು ಉತಾರ ಬೇಕೆಂದು ಬಂದು ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿಯುವರು, ತಮ್ಮ ಹೊಲದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡುವರು. ಓದಲು ಬಾರದವರೂ ಹಾಗೇ ನೋಡುವರು. ಕೊಬ್ಬರಿ ಎಣ್ಣೆ, ಗೋಂದು, ಹಳೆ ಕಾಗದ ಮೂರೂ ಸೇರಿದ ಒಂದು ವಾಸನೆ ಆ ಕೋಣೆಗಿತ್ತು. ಈಗಲೂ ಯಾವುದಾದರೂ ಸರ್ಕಾರಿ ಕಚೇರಿಯೊಳಗೆ ಕಾಲಿಟ್ಟರೆ ನನಗೆ ಸಿಟ್ಟು ಬರುವ ಮೊದಲು ಅಪ್ಪನ ನೆನಪು ಬರುತ್ತದೆ.

ನನ್ನ ಅಕ್ಷರ ಕೆಟ್ಟದ್ದು. ಆದ್ದರಿಂದ ಅಪ್ಪ ನನಗೆ ಏನನ್ನೂ ಬರೆಯಲು ಕೊಡುತ್ತಿರಲಿಲ್ಲ. ಗೆರೆ ಎಳೆಯಲು ಮಾತ್ರ ಕೊಡುತ್ತಿದ್ದ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ ಆ ಗೆರೆಯ ಕೆಲಸ ಬರುತ್ತಿತ್ತು. ಅಪ್ಪ ಹೇಳುತ್ತಿದ್ದ:

"ನೋಡ ತಮ್ಮಾ, ನಲವತ್ತೈದನೇ ನಂಬರ ಒಡೀತು. ಈಗ ನಲವತ್ತೈದ ಬಟಾ ಒಂದು, ನಲವತ್ತೈದ ಬಟಾ ಎರಡು, ಹಿಂಗ ಎರಡ ಹಿಸ್ಸಾ. ಎರಡೂ ಕೂಡಸು. ತಾಯಿ ನಂಬರಿನಷ್ಟ, ಮದಲಿನ ಇಡೀ ಹೊಲದಷ್ಟ, ಆತೇನು?"

"ಆತು."

"ಆತಂದ್ರ ತಾಯಿ ನಂಬರದಾಗ ಇನ್ನ ಭೂಮಿ ಇಲ್ಲ. ಬರೇ ಹೆಸರ ಉಳೀತು. ಹೊಡಿ ಗೆರಿ."

ನಾನು ಉಸಿರು ಬಿಗಿಹಿಡಿದು ರೂಲುದೊಣ್ಣೆ ಇಟ್ಟು ಕೆಂಪು ಮಸಿಯಲ್ಲಿ ಗೆರೆ ಹೊಡೆಯುತ್ತಿದ್ದೆ. ಒಂದು ಇಡೀ ಹೊಲವನ್ನು ಒಂದು ಗೆರೆಯಲ್ಲಿ ಇಲ್ಲವಾಗಿಸಿ, ಆದರೂ ಯಾರಿಗೂ ಒಂದು ಗುಂಟೆಯೂ ನಷ್ಟವಾಗದ ಆ ಅಧಿಕಾರದ ಸುಖ ಎಂಟು ವರ್ಷದವನಿಗೆ ಸಣ್ಣದಲ್ಲ. ನನ್ನ ಮುಂದಿನ ಅನಾಹುತಕ್ಕೆಲ್ಲ ಈ ಸುಖವೇ ಮೂಲ.

ದೊಡ್ಡವನಾಗಿ ನಾನು ತಲಾಟಿಯಾಗಲಿಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ತೆಗೆದೆ. ಎರಡು ಸಾವಿರದ ಆಚೀಚೆಯ ಕಾಲ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು, ಯಂತ್ರಕ್ಕೆ ಹೂವಿನ ಕಸೂತಿಯ ಹೊದಿಕೆ, ಬೆಳಿಗ್ಗೆ ಊದುಬತ್ತಿ. ಗುಡಿಗೂ ನನ್ನ ಕ್ಲಾಸಿಗೂ ಇದ್ದ ಫರಕೆಂದರೆ ಗುಡಿಯಲ್ಲಿ ಕೈಮುಗಿದರೆ ಕೆಲವೊಮ್ಮೆ ಕೆಲಸವಾಗುತ್ತಿತ್ತು. ಹೊರಗಿನ ಬೋರ್ಡನ್ನು ರಾಜೇಸಾಬ ಕಾಕಾ ಬರೆದುಕೊಟ್ಟಿದ್ದರು.

ಪೇಂಟರ್ ರಾಜೇಸಾಬರೆಂದರೆ ಆಗ ನಮ್ಮ ಕಡೆ ಗೊತ್ತಿಲ್ಲದವರಿರಲಿಲ್ಲ. ಸೈಕಲ್ಲಿಗೆ ಸಣ್ಣ ನಿಚ್ಚಣಿಕೆ ಕಟ್ಟಿಕೊಂಡು, ಡಬ್ಬಿಗಳನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು, ಕಿವಿಯ ಮೇಲೆ ಬ್ರಷ್ ಸಿಕ್ಕಿಸಿಕೊಂಡು ಹೊರಟರೆ ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಅವರ ಗೋಡೆಗಳೇ. ದೂರದ ಊರಿಗೆ ಹೋಗುವಾಗ ಸೈಕಲ್ಲೇ ಬಸ್ಸಿನ ಮೇಲೇರುತ್ತಿತ್ತು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಖಾನಾವಳಿ, ಸಾಲೆಯ ಗೋಡೆ, ಟ್ರ್ಯಾಕ್ಟರಿನ ಹಿಂಬದಿ, ಎಲ್ಲೆಲ್ಲೂ ಅವರ ಕೈ. ನಾನು ಓದಲು ಕಲಿತದ್ದು ಪುಸ್ತಕದಿಂದಲ್ಲ, ಬಸ್ಸಿನ ಕಿಟಕಿಯಿಂದ ಅವರ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಎಂದು ಅವ್ವ ಹೇಳುತ್ತಿದ್ದಳು. ಅವರ ತಲಕಟ್ಟು ಎಡಕ್ಕೆ ಒಂಚೂರು ಎತ್ತಿರುತ್ತಿತ್ತು, ಖುಷಿಯಲ್ಲಿದ್ದವನ ಹುಬ್ಬಿನ ಹಾಗೆ. ಅವರ 'ಳ' ಹೊಟ್ಟೆ ತುಂಬ ಉಂಡು ಕೂತಿರುತ್ತಿತ್ತು. ಎಷ್ಟು ದೂರದಿಂದ ನೋಡಿದರೂ ಇದು ರಾಜೇಸಾಬರದು ಎಂದು ಹೇಳಬಹುದಿತ್ತು. ಬೋರ್ಡಿನಲ್ಲಿ ಏನು ಬರೆದಿದೆ ಎಂಬುದು ಆಮೇಲೆ.

ಎಚ್ಚರಿಕೆಯ ಬೋರ್ಡುಗಳ ಬಗ್ಗೆ ಅವರಿಗೆ ತಮ್ಮದೇ ಒಂದು ಸಿದ್ಧಾಂತವಿತ್ತು. ಒಮ್ಮೆ ನನ್ನ ಕ್ಲಾಸಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದರು:

"ಮಾಸ್ತರ, ಮುನವಳ್ಳಿ ಕಡೆ ಹೊಳಿ ದಂಡ್ಯಾಗ 'ಅಪಾಯ' ಅಂತ ಬರದಿದ್ದೆ. ಕೆಂಪು ಬಣ್ಣ, ದೊಡ್ಡ ಅಕ್ಷರ. ಮಂದಿ ಅದರ ಮ್ಯಾಲ ಅಂಗಿ ಕಳದ ಹಾಕಿ ಈಜಾಕ ಇಳದ್ರು. ಮರುವರ್ಷ ನಾನ ಹೋಗಿ ಅದನ್ನ ಅಳಿಸಿ, 'ಇಲ್ಲಿ ಸುಳಿ ಐತಿ, ಈಜು ಬರೋರೂ ಹೋಗ್ಯಾರ' ಅಂತ ಬರದೆ. ಆಮ್ಯಾಲ ಯಾರೂ ಇಳೀಲಿಲ್ಲ ನೋಡ್ರಿ. ಎಚ್ಚರಿಕೆ ಅಂದ್ರ ಏನ ಕಳಕೋತೀರಿ ಅಂತ ಹೇಳಬೇಕ್ರಿ. ಬರೇ ಅಪಾಯ ಅಂದ್ರ ಯಾರಿಗೆ ಅಪಾಯ, ಎದಕ್ಕ ಅಪಾಯ?"

ಅಷ್ಟರಲ್ಲಿ ಫ್ಲೆಕ್ಸ್ ಬಂತು. ಬೆಳಗಾವಿಯಿಂದ ಸುರುಳಿ ಸುತ್ತಿಕೊಂಡು ಬಂದು, ಸಂಜೆಯೊಳಗೆ ಕಂಬಕ್ಕೆ ಕಟ್ಟಿಸಿಕೊಳ್ಳುವ ಬೋರ್ಡು. ಅಂಗಡಿಕಾರನ ಮುಖವೂ ಅದರಲ್ಲಿ ಬರುತ್ತದೆಂದ ಮೇಲೆ ಕಾಕಾನ ಅಕ್ಷರ ಯಾರಿಗೆ ಬೇಕು? ಅವರ ಕೆಲಸ ಕಡಿಮೆಯಾಯಿತು. ಆಗ ನನಗೊಂದು ಹುಕಿ ಹುಟ್ಟಿತು: ಇವರ ಅಕ್ಷರಗಳನ್ನೇ ಕಂಪ್ಯೂಟರಿನ ಫಾಂಟ್ ಮಾಡಿಬಿಟ್ಟರೆ? ಆಮೇಲೆ ಯಾರು ಎಲ್ಲಿ ಬೆರಳೊತ್ತಿದರೂ ರಾಜೇಸಾಬರ 'ಳ' ಬರಬೇಕು.

ಕಾಕಾ ಮೊದಲು ನಕ್ಕರು, ಆಮೇಲೆ ಗಂಭೀರರಾದರು. "ಮೊಮ್ಮಗಳ ಮದಿವಿ ಕಾರ್ಡ ನನ್ನ ಅಕ್ಷರದಾಗ ಬರತಾವೇನ್ರಿ?" ಎಂದು ಕೇಳಿದರು. ಮೊಮ್ಮಗಳು ಶಾಹೀನ ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದಳು. ಬರುತ್ತವೆ ಎಂದೆ. ಅವತ್ತಿನಿಂದ ಒಂದೂವರೆ ವರ್ಷ, ವಾರಕ್ಕೆರಡು ಮಧ್ಯಾಹ್ನ, ಅವರು ನನ್ನ ಮೇಜಿನ ತುದಿಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ ಒಂದೊಂದೇ ಅಕ್ಷರ ಬರೆದರು. ಅ, ಆ, ಒಂದೊಂದರ ಒತ್ತು, ಕೊಂಬು, ದೀರ್ಘ. ಒಂದು 'ಳ'ಕ್ಕೆ ಹನ್ನೊಂದು ಹಾಳೆ ಹಿಡಿದದ್ದು ನನಗೆ ನೆನಪಿದೆ. ನಾನು ಅವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಇಡುತ್ತಿದ್ದೆ. ಸಿ ಡ್ರೈವು ವಿಂಡೋಸ್ ಕೆಟ್ಟಾಗಲೆಲ್ಲ ಒರೆಸಿಹೋಗುತ್ತದೆ, ಬೇಕಾದ್ದನ್ನು ಡಿಯಲ್ಲಿಡಬೇಕು ಎಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ.

ಬರೆದ ಹಾಳೆಗಳನ್ನು ಕಾಕಾ ರದ್ದಿಗೆ ಹಾಕಲು ಬಿಡಲಿಲ್ಲ. "ಅಕ್ಷರ ಮಂದಿ ಕಾಲಾಗ ಬೀಳಬಾರದ್ರಿ. ಕಂಪ್ಯೂಟರದಾಗ ಭದ್ರ ಅದಾವಲ್ಲ?" ಅದಾವ ಎಂದೆ. ಕೊನೆಯ ಅಕ್ಷರ ಮುಗಿದ ಮೇಲೆ ಎಲ್ಲ ಹಾಳೆ ಬಟ್ಟೆಯಲ್ಲಿ ಕಟ್ಟಿ ಮುನವಳ್ಳಿಗೆ ಹೋಗಿ ಮಲಪ್ರಭೆಯಲ್ಲಿ ಬಿಟ್ಟು ಬಂದರು. ಮನೆಯಲ್ಲಿ ಹಳೆಯದಾದ ಪವಿತ್ರ ಗ್ರಂಥದ ಹಾಳೆಗಳನ್ನೂ ಅವರು ಹಾಗೆಯೇ ನೀರಿಗೆ ಬಿಡುತ್ತಿದ್ದರು. ಜೊತೆಗೆ ಹೋಗಿದ್ದ ನಾನು ದಂಡೆಯ ಮೇಲೆ ನಿಂತು, ಹಾಳೆಗಳು ಒಂದೊಂದಾಗಿ ಬಿಚ್ಚಿಕೊಂಡು ತೇಲುವುದನ್ನು ನೋಡಿ ಎಷ್ಟು ಚೆಂದ ಅಂದುಕೊಂಡೆ. ಅದಾದ ಎರಡು ತಿಂಗಳಿಗೆ ರಾಮದುರ್ಗದ ಆಚೆ ಸಾಲಹಳ್ಳಿಯಲ್ಲಿ ಗೋಡೆ ಬರೆಯುವಾಗ ನಿಚ್ಚಣಿಕೆ ಜಾರಿ ಅವರು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಚಹಾದ ಬಟ್ಟಲು ಹಿಡಿಯಬಲ್ಲರು, ಬ್ರಷ್ ಹಿಡಿದರೆ ಕೈ ನಡುಗುತ್ತದೆ. ಇನ್ನು ಅವರ ಅಕ್ಷರ ಇದ್ದದ್ದು ನನ್ನ ಡಿ ಡ್ರೈವಿನಲ್ಲಿ ಮಾತ್ರ.

ಇದೆಲ್ಲ ಗೊತ್ತಿದ್ದೂ ನಾನು ಒಂದು ನಕಲು ತೆಗೆದಿಡಲಿಲ್ಲ. ಫ್ಲಾಪಿಯಲ್ಲಿ ಅಷ್ಟೊಂದು ಹಿಡಿಸುತ್ತಿರಲಿಲ್ಲ. ಸಿಡಿ ಬರೆಯುವ ಯಂತ್ರ ಬೆಳಗಾವಿಯಲ್ಲಿತ್ತು, ಮುಂದಿನ ವಾರ ಹೋದರಾಯಿತು ಎಂದು ಎಷ್ಟು ವಾರ ಅಂದುಕೊಂಡೆನೋ. ಬೆಳಗಾವಿಗೆ ನಾಲ್ಕು ಸಲ ಹೋಗಿಯೂ ಬಂದೆ, ಕುಂದಾ ತಂದೆ. ಡಿಸ್ಕು ಬಿಚ್ಚಿಕೊಂಡು ಹೋಗಲು ಮರೆತೆ.

ಲಿನಕ್ಸಿನ ಹುಚ್ಚು ಹತ್ತಿದ್ದೂ ಈ ಅಕ್ಷರಗಳಿಂದಲೇ. ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಒಂದು ಉಚಿತ ತಂತ್ರಾಂಶ ಅದರಲ್ಲಿದೆ ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಪತ್ರಿಕೆಯ ಜೊತೆ ಸಿಡಿಯೂ ಬಂದಿತ್ತು. ಒಂದು ಭಾನುವಾರ ಊಟ ಮುಗಿಸಿ, ಕ್ಲಾಸಿನ ಬಾಗಿಲು ಮುಂದೆ ಮಾಡಿ, ಸಿಡಿ ಹಾಕಿದೆ. ನನ್ನ ಯೋಜನೆ ಸರಳ: ಸಿಯಲ್ಲಿ ವಿಂಡೋಸ್, ಡಿಯಲ್ಲಿ ಅಕ್ಷರ, ಖಾಲಿ ಬಿದ್ದಿರುವ ಇ ಡ್ರೈವಿನಲ್ಲಿ ಲಿನಕ್ಸ್. ಆದರೆ ಪರದೆಯ ಮೇಲೆ ಸಿ, ಡಿ, ಇ ಇರಲೇ ಇಲ್ಲ. ಬೇರೆಯೇ ಹೆಸರುಗಳ ಪಟ್ಟಿ. ಅವುಗಳ ಕೊನೆಗೆ ಒಂದು, ಎರಡು, ಐದು, ಆರು ಎಂಬ ಅಂಕಿ.

ಮೂರು ಡ್ರೈವಿಗೆ ನಾಲ್ಕು ನಂಬರು ಯಾಕೆ? ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ ಯಾರನ್ನಾದರೂ ಕೇಳುತ್ತಿದ್ದರು. ನಾನು ತಲಾಟಿಯ ಮಗ. ಪ್ರತಿಯೊಂದರ ಎದುರು ಅದರ ಅಳತೆ ಇತ್ತು. ಐದು ಮತ್ತು ಆರನ್ನು ಕೂಡಿಸಿದೆ. ಎರಡನೆಯದರ ಅಳತೆಗೆ ಸರಿಯಾಗಿ ಬಂತು! ನನ್ನ ಮೈ ಜುಮ್ಮೆಂದಿತು. ಇದು ತಾಯಿ ನಂಬರು. ಐದು, ಆರು ಎಂದರೆ ಅದರ ಎರಡು ಹಿಸ್ಸಾ. ಭೂಮಿಯೆಲ್ಲ ಹಿಸ್ಸಾಗಳಲ್ಲಿ ಹೋಗಿದೆ, ತಾಯಿ ನಂಬರು ಬರೇ ಹೆಸರಿಗೆ ಉಳಿದಿದೆ. ಮೊದಲು ಈ ಹಳೆ ಹೆಸರು ಹೊಡೆದುಹಾಕಿ ದಾಖಲೆ ಚೊಕ್ಕಟ ಮಾಡೋಣ, ಆಮೇಲೆ ಲಿನಕ್ಸಿಗೆ ಜಾಗ ಕೊಡೋಣ ಎಂದುಕೊಂಡೆ. ಎರಡನೆಯದನ್ನು ಆರಿಸಿ ಅಳಿಸು ಎಂದೆ. ಕೆಂಪು ಅಕ್ಷರದಲ್ಲಿ ಪ್ರಶ್ನೆ ಬಂತು: ಇದರಲ್ಲಿರುವ ಎಲ್ಲ ಮಾಹಿತಿ ಹೋಗುತ್ತದೆ, ಖಚಿತವೇ?

ಇದರಲ್ಲಿ ಏನೂ ಇಲ್ಲವಲ್ಲ ಎಂದು ನಾನು ಹೂಂ ಅಂದೆ. ಮುಂದಿನ ಪರದೆಯಲ್ಲಿ ಯಂತ್ರ, ಡಿಸ್ಕಿನಲ್ಲಿ ಬಹಳ ಖಾಲಿ ಜಾಗವಿದೆ, ಅಲ್ಲಿ ಕೂರಲೇ ಎಂದು ಕೇಳಿತು. ಅಷ್ಟೊಂದು ಖಾಲಿ ಜಾಗ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದು ಯೋಚಿಸಬೇಕಿತ್ತು. ಊರ ದನ ಮೇಯುವ ಗಾಯರಾಣದಂತೆ ಯಾರದೂ ಅಲ್ಲದ ಜಾಗ ಸಿಕ್ಕಿತೆಂದು ಹಿಗ್ಗಿ ಇನ್ನೊಮ್ಮೆ ಹೂಂ ಅಂದೆ. ಆ ಪರದೆಯಲ್ಲಿ ಎಲ್ಲ ಮಾಹಿತಿ ಎಂಬುದರ ಬದಲು 'ರಾಜೇಸಾಬರ ಳ ಹೋಗುತ್ತದೆ' ಎಂದಿದ್ದರೆ ನಾನು ಖಂಡಿತ ಕೈ ಹಿಂದೆಗೆಯುತ್ತಿದ್ದೆ. ಲಿನಕ್ಸ್ ಚೆನ್ನಾಗಿ ಕೂತಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ಯಾವುದು ಬೇಕೆಂದು ಕೇಳುವ ಪಟ್ಟಿಯಲ್ಲಿ ಎರಡೂ ಹೆಸರು ಇದ್ದವು. ನಾನು ಹೆಮ್ಮೆಯಿಂದ ಹೋಗಿ ಒಂದು ಚಹಾ ಕುಡಿದು ಬಂದು ವಿಂಡೋಸ್ ತೆರೆದೆ. ಸಿ ಇತ್ತು. ಡಿ ಇರಲಿಲ್ಲ.

ನಾನು ಅಳಿಸಿದ್ದು ತಾಯಿ ನಂಬರಲ್ಲ, ಊರಿನ ಗಡಿ. ಗಡಿಯನ್ನೇ ಅಳಿಸಿದರೆ ಅದರೊಳಗಿನ ಹೊಲಗಳೂ ಹೋಗುತ್ತವೆ. ಹೊರಗಿನ ಆ ದೊಡ್ಡ ಭಾಗದ ಹೊಟ್ಟೆಯಲ್ಲೇ ಡಿಯೂ ಇತ್ತು, ಇಯೂ ಇತ್ತು. ಅಳಿಸಿದ್ದಷ್ಟೇ ಆಗಿದ್ದರೆ ತಿಳಿದವರು ಹುಡುಕಿಕೊಡಬಹುದಿತ್ತು; ನಾನು ಅದರ ಮೇಲೆ ಹೊಸ ಮನೆಯನ್ನೇ ಕಟ್ಟಿದ್ದೆ. ಹುಬ್ಬಳ್ಳಿಯವರೆಗೂ ಡಿಸ್ಕು ಹೊತ್ತುಕೊಂಡು ಹೋದೆ. ಈಗ ಬಿಚ್ಚಲು ಮರೆಯಲಿಲ್ಲ. ಅಲ್ಲಿಯ ರಿಪೇರಿಯವರು ಎರಡು ದಿನ ಇಟ್ಟುಕೊಂಡು, ತಲೆಯಾಡಿಸಿ ಮರಳಿ ಕೊಟ್ಟರು.

ಅಪ್ಪನಿಗೆ ಹೇಳಿದೆ. ನಿವೃತ್ತನಾಗಿ ಮನೆಯಲ್ಲಿದ್ದ ಅಪ್ಪ ಕಂಪ್ಯೂಟರ್ ಮುಟ್ಟಿದವನಲ್ಲ, ಆದರೆ ಪೂರ್ತಿ ಕೇಳಿದ. "ತಮ್ಮಾ, ನಾವು ಹೊಡದ ಗೆರಿ ಕೆಳಗ ಅಕ್ಷರ ಕಾಣತಿದ್ದುವಲ್ಲೋ. ಐವತ್ತ ವರ್ಷ ಬಿಟ್ಟ ಬಂದವನೂ ಓದತಿದ್ದ. ಹಿಂಗ ಪೂರಾ ಅಳಸೂದು ನಾ ನಿನಗ ಯಾವಾಗ ಕಲಿಸಿದ್ನಿ?" ಅಷ್ಟೇ ಅಂದ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಕಾಕಾಗೆ ಮಾತ್ರ ಹೇಳಲಿಲ್ಲ. ಅವರು ಪ್ರತಿ ಶುಕ್ರವಾರ ನಮಾಜು ಮುಗಿಸಿ ನನ್ನ ಕ್ಲಾಸಿಗೆ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಯಂತ್ರದ ಕಡೆ ಒಮ್ಮೆ ನೋಡಿ, "ನನ್ನ ಅಕ್ಷರಾ ಅರಾಮ ಅದಾವೇನ್ರಿ?" ಎಂದು ಕೇಳುತ್ತಿದ್ದರು, ಹಾಸ್ಟೆಲಿನಲ್ಲಿ ಬಿಟ್ಟ ಮಕ್ಕಳನ್ನು ಕೇಳುವ ಹಾಗೆ. ನಾನು "ಅರಾಮ ಅದಾವ ಕಾಕಾ" ಅನ್ನುತ್ತಿದ್ದೆ. ಮೊದಲ ಶುಕ್ರವಾರ ಹೆದರಿ ಅಂದೆ. ಆಮೇಲೆ ಹಿಂದಿನ ಶುಕ್ರವಾರ ಅಂದದ್ದಕ್ಕೆ ಅಂದೆ. ಹೀಗೆ ಏಳು ತಿಂಗಳು. ಎಂಟನೆಯ ತಿಂಗಳು ಅವರು ಬಂದವರೇ ಕೇಳಿದ್ದು ಬೇರೆ: "ಶಾಹೀನಂದು ಗಟ್ಟಿ ಆತ್ರಿ. ಇನ್ನ ಕಾರ್ಡ ಮಾಡಬೇಕು."

ಮರುದಿನ ಕ್ಲಾಸಿಗೆ ಬೀಗ ಹಾಕಿ ಕ್ಯಾಮೆರಾ ಹಿಡಿದು ಹೊರಟೆ. ಫಾಂಟ್ ಹೋದರೂ ಒಂದು ಕಾರ್ಡಿಗೆ ಬೇಕಾದಷ್ಟು ಅಕ್ಷರ ಎಲ್ಲೋ ಗೋಡೆಯ ಮೇಲೆ ಉಳಿದಿರಬೇಕಲ್ಲ. ಕಾರ್ಡಿನ ಒಕ್ಕಣೆ ಜೇಬಿನಲ್ಲಿಟ್ಟುಕೊಂಡು, ಸಿಕ್ಕ ಅಕ್ಷರಕ್ಕೆ ಗುರುತು ಹಾಕುತ್ತ, ಹತ್ತು ಹನ್ನೆರಡು ದಿನ ಬಸ್ಸಿನಲ್ಲಿ ತಿರುಗಿದೆ. ಬೇಕಾದಾಗ ಅವರ ಅಕ್ಷರ ಎಷ್ಟು ಕಡಿಮೆ ಉಳಿದಿದ್ದವು! ಕಿತ್ತೂರಿನಲ್ಲಿ ಒಂದು ಹಿಟ್ಟಿನ ಗಿರಣಿ, ಸವದತ್ತಿಯಲ್ಲಿ ಒಂದು ಮಿಠಾಯಿ ಅಂಗಡಿ, ನೇಸರಗಿಯಲ್ಲಿ ಸುಣ್ಣದ ಕೆಳಗಿಂದ ಇಣುಕುವ ಅರ್ಧ ಗೋಡೆ. ಚಿಕ್ಕವನಿದ್ದಾಗ ಕಿಟಕಿಯಿಂದ ಓದುತ್ತ ಹೋದ ದಾರಿ ಅದೇ, ಈಗ ಓದಲು ಏನೂ ಇರಲಿಲ್ಲ. ಬಸ್ಸಿನಲ್ಲಿ ಕೂತು ಒಮ್ಮೆ ನಿಜವಾಗಿಯೂ ಅತ್ತೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಹಲ್ಲು ನೋವೇನೋ ಎಂದು ಲವಂಗ ಕೊಟ್ಟಳು, ಅದನ್ನೇ ಅಗಿದೆ.

ಒಂದು ಅಕ್ಷರ ಬಿಟ್ಟು ಎಲ್ಲ ಸಿಕ್ಕವು. ಸಿಗದೇ ಹೋದದ್ದು 'ಔತಣ'ದ 'ಔ'. ಅದು ಇರುತ್ತಿದ್ದದ್ದು ಔಷಧದ ಅಂಗಡಿಗಳ ಮೇಲೆ. ಅವರೆಲ್ಲ ಎಲ್ಲರಿಗಿಂತ ಮೊದಲೇ ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಬೋರ್ಡಿಗೆ ಬದಲಾಗಿದ್ದರು. ಕೊನೆಗೆ ಆ ಒಂದನ್ನು ನಾನೇ ಬರೆದೆ. ನಲವತ್ತು ಸಲ ಬರೆದು, ಇದ್ದುದರಲ್ಲಿ ವಾಸಿಯಾದದ್ದನ್ನು ಇಟ್ಟೆ.

ಕಾರ್ಡಿನ ಕರಡು ತೆಗೆದುಕೊಂಡು ಅವರ ಮನೆಗೇ ಹೋದೆ. ಕಾಕಾ ಹೊರಸಿನ ಮೇಲೆ ಕೂತು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದರು. ಮೊದಲು ಮುಖ ಅರಳಿತು. ಆಮೇಲೆ ಸೊಟ್ಟ ಕೈಯ ಬೆರಳು ಒಂದು ಅಕ್ಷರದ ಮೇಲೆ ನಿಂತಿತು.

"ಇದು ಸವದತ್ತಿ ಮಿಠಾಯಿ ಅಂಗಡಿ 'ಮ' ಅಲ್ಲೇನ್ರಿ?"

ಬೆರಳು ಮುಂದಿನ ಸಾಲಿಗೆ ಸರಿಯಿತು.

"ಇದು ಕಿತ್ತೂರ ಗಿರಣಿ 'ಹ'. ಅವತ್ತ ಗಾಳಿ ಭಾಳ ಇತ್ತು, ನಿಚ್ಚಣಿಕಿ ಹೊಯ್ದಾಡತಿತ್ತು, ಅದಕ್ಕ ಬಾಗೇತಿ. ಹಾಳ್ಯಾಗ ನಾ ಇಂಥಾ 'ಹ' ಬರದಿರಲಿಲ್ಲ." ಅವರು ಕಣ್ಣೆತ್ತಿದರು. "ಹಾಳ್ಯಾಗ ಬರದವು ಹ್ವಾದುವೇನ್ರಿ?"

"ಹೂಂ ಕಾಕಾ. ನನ್ನ ಕೈಯಿಂದನ ಹ್ವಾದುವು."

"ಯಾವಾಗ?"

"ಎಂಟ ತಿಂಗಳಾತು."

ಅವರು ಕಾರ್ಡನ್ನು ಪಕ್ಕಕ್ಕಿಟ್ಟರು. ಒಳಗೆ ಶಾಹೀನ ಯಾರೊಡನೆಯೋ ನಗುತ್ತಿದ್ದಳು.

"ಹೋಗಿದ್ದಕ್ಕ ಏನ ಮಾಡೂದೈತ್ರಿ, ಮಾಸ್ತರ. ಮಷಿನ್ ಅದು. ಆದ್ರ ಇಷ್ಟ ಶುಕ್ರಾರ ನಾ ಕೇಳಿನಲ್ಲರಿ. ಒಂದ ಶುಕ್ರಾರ ಹೇಳಿದ್ದರ, ಆವಾಗ ಗ್ವಾಡಿ ಇನ್ನಾ ನಾಕ ಜಾಸ್ತಿ ಇರತಿದ್ದುವು. ಇಬ್ರೂ ಕೂಡೇ ಹೋಗಿ ನೋಡತಿದ್ದಿವಿ."

ಅವರು ಮತ್ತೆ ಕಾರ್ಡಿಗೆ ಬಗ್ಗಿದರು. ಒಂದೊಂದು ಅಕ್ಷರದ ಊರು ಹೇಳುತ್ತ ಹೋದರು. ಯಾವ ಗೋಡೆ, ಯಾವ ಹಂಗಾಮು, ಅಂದು ಯಾರ ಮನೆಯಲ್ಲಿ ಊಟ, ಯಾವ 'ಸ' ಬರೆಯುವಾಗ ಜ್ವರ ಬಂದಿತ್ತು, ಎಲ್ಲ ಹೇಳಿದರು. ನಾನು ಅದನ್ನೂ ಬರೆದುಕೊಳ್ಳಲಿಲ್ಲ. ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತುಬಿಟ್ಟೆ. ಕೊನೆಯ ಸಾಲಿಗೆ ಬಂದಾಗ ಬೆರಳು ತಡೆಯಿತು.

"ಈ 'ಔ' ನಂದಲ್ಲ."

"ನಾ ಬರದದ್ದು ಕಾಕಾ. ಎಲ್ಲೂ ಸಿಗಲಿಲ್ಲ."

ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಬಾಲ ಭಾಳ ಹೆದರೇತಿ."

"ತೆಗೀಲೇನ್ರಿ? ಔತಣ ಬಿಟ್ಟು ಊಟ ಅಂತ ಬರದ್ರಾತು. ಊಟದ 'ಊ' ಸಿಕ್ಕೇತಿ."

"ಬ್ಯಾಡ. ಹೆದರಿ ಬರದದ್ದು ಹೆದರಿದಂಗ ಕಾಣಲಿ. ಇರ್ಲಿ ಬಿಡ್ರಿ."

ಕಾರ್ಡು ಹಾಗೇ ಅಚ್ಚಾಯಿತು. ಮದುವೆಯಲ್ಲಿ ಯಾರೂ ಏನನ್ನೂ ಗುರುತಿಸಲಿಲ್ಲ. ಕಾಕಾ ಬಂದವರ ಕೈಗೆಲ್ಲ ಕಾರ್ಡು ಕೊಟ್ಟು ಓದಲು ಹೇಳುತ್ತಿದ್ದರು, ತಾರೀಖು ವೇಳೆ ಅವರಿಗೆ ಬೇಕಿರಲಿಲ್ಲ. ಅವರು ತೀರಿಹೋಗಿ ಈಗ ಬಹಳ ವರ್ಷವಾದವು. ನಾಲ್ಕು ತಾಲೂಕಿನಲ್ಲಿ ನಾನು ಫೋಟೋ ಹಿಡಿದ ಗೋಡೆಗಳಲ್ಲಿ ಒಂದೂ ಇಲ್ಲ. ಆ ಹಿಟ್ಟಿನ ಗಿರಣಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅವರ ಅಕ್ಷರ ನೋಡಬೇಕೆನಿಸಿದಾಗ ನಾನು ಆ ಕಾರ್ಡು ತೆಗೆಯುತ್ತೇನೆ. 'ಮ' ನೋಡಬೇಕು, ಗಾಳಿಗೆ ಬಾಗಿದ 'ಹ' ನೋಡಬೇಕು ಎಂದುಕೊಂಡೇ ತೆಗೆಯುತ್ತೇನೆ. ಕಣ್ಣು ಮಾತ್ರ ನೇರ ಕೊನೆಯ ಸಾಲಿಗೆ ಹೋಗಿ ಆ ಹೆದರಿದ 'ಔ' ಮೇಲೆ ನಿಲ್ಲುತ್ತದೆ.